ಮನೆಯ ಸರ್ವರ್‌ಗೆ ಯಾವ ಓಎಸ್? ನಂಬಿಕೆ ಒಂದು, ವಾಸ್ತವ ಇನ್ನೊಂದು

ಹೋಮ್ ಲ್ಯಾಬ್ ಕಟ್ಟಲು ಹೊರಟವರು ಓಎಸ್ ಯಾವುದೆಂದು ವಾರಗಟ್ಟಲೆ ತಲೆಕೆಡಿಸಿಕೊಳ್ಳುತ್ತಾರೆ. ಡಿಸ್ಕ್ ಕೈಕೊಟ್ಟ ದಿನ ಏನು ಗತಿ ಎಂದು ಯೋಚಿಸಿದವರು ಕಡಿಮೆ. ಈ ಹವ್ಯಾಸದ ಸುತ್ತ ಬೆಳೆದ ನಂಬಿಕೆಗಳೂ ಹೀಗೆಯೇ, ಚಿಂತೆ ಬೇಡದ ಕಡೆ ಚಿಂತೆ ಹಚ್ಚುತ್ತವೆ.

ಸರ್ವರ್ ಎಂದರೆ ದೊಡ್ಡ ಯಂತ್ರವೇ ಆಗಬೇಕೆಂಬುದು ಮೊದಲನೆಯದು. ಸದಾ 100 ವ್ಯಾಟ್ ಎಳೆಯುವ ಹಳೆಯ ರ‍್ಯಾಕ್ ಸರ್ವರ್ ವರ್ಷಕ್ಕೆ 876 ಯೂನಿಟ್ ನುಂಗುತ್ತದೆ. 10 ವ್ಯಾಟಿನ ಮಿನಿ ಪಿಸಿಗೆ 88 ಯೂನಿಟ್ ಸಾಕು. ಫೋಟೊಗಳಿಗೆ ಇಮ್ಮಿಚ್, ಸಿನಿಮಾಕ್ಕೆ ಜೆಲ್ಲಿಫಿನ್, ಜಾಹೀರಾತು ತಡೆಯಲು ಪೈ-ಹೋಲ್: ಇಷ್ಟನ್ನು 8 ಜಿಬಿ ರ‍್ಯಾಮಿನ ಹಳೆಯ ಲ್ಯಾಪ್‌ಟಾಪ್ ನಿಭಾಯಿಸುತ್ತದೆ. ಬ್ಯಾಟರಿ ಚೆನ್ನಾಗಿದ್ದರೆ ಕರೆಂಟ್ ಹೋದಾಗ ಅದೇ ಯುಪಿಎಸ್. ಊದಿದ್ದರೆ ಮಾತ್ರ ಮೊದಲು ಅದನ್ನು ತೆಗೆಸಿ.

ಪ್ರಾಕ್ಸ್‌ಮಾಕ್ಸ್ ಎಂಬ ವರ್ಚುವಲ್ ಮಷೀನ್ ವೇದಿಕೆ ಇಲ್ಲದೆ ಲ್ಯಾಬೇ ಅಲ್ಲ, ಅದಕ್ಕೆ ದುಡ್ಡು ಬೇರೆ ಕಟ್ಟಬೇಕು ಎನ್ನುವವರಿದ್ದಾರೆ. ಎರಡೂ ಸರಿಯಲ್ಲ. ಲಾಗಿನ್ ಆದಾಗಲೆಲ್ಲ ಚಂದಾ ಇಲ್ಲವೆಂದು ಎದ್ದುಬರುವ ಸೂಚನೆಯಿಂದ ಹುಟ್ಟಿದ್ದು ಈ ದುಡ್ಡಿನ ಗೊಂದಲ. ಚಂದಾದಾರರಿಗೆ ಸಿಗುವುದು ಹೆಚ್ಚು ಪರೀಕ್ಷಿಸಿದ ಅಪ್‌ಡೇಟ್‌ಗಳು ಮತ್ತು ತಾಂತ್ರಿಕ ನೆರವು. ಸೌಲಭ್ಯಗಳು ಎಲ್ಲರಿಗೂ ಒಂದೇ. ವರ್ಚುವಲ್ ಮಷೀನ್‌ಗಳನ್ನು ಕೆಡವಿ ಕಟ್ಟಿ ಕಲಿಯುವವರಿಗೆ ಅದು ಸೊಗಸು. ಮೂರ್ನಾಲ್ಕು ಸೇವೆ ಸಾಕೆನ್ನುವವರು ಅದರ ತಳದಲ್ಲೇ ಇರುವ ಡೆಬಿಯನ್ ಮೇಲೆ ಡಾಕರ್ ಹಾಕಿಕೊಂಡರೆ ಮುಗಿಯಿತು.

ಇವತ್ತು ಪುಕ್ಕಟೆ ಸಿಗುವುದು ನಾಳೆಯೂ ಸಿಕ್ಕೀತೆಂಬ ಭರವಸೆಯೂ ಹುಸಿ. 2029ರವರೆಗೆ ಇರಬೇಕಿದ್ದ ಸೆಂಟ್‌ಓಎಸ್ 8 ಅನ್ನು 2021ರ ಕೊನೆಗೇ ಮುಗಿಸಲಾಯಿತು. ವಿಎಂವೇರ್‌ನ ಉಚಿತ ಇಎಸ್‌ಎಕ್ಸ್‌ಐ 2024ರಲ್ಲಿ ಮಾಯವಾಗಿ 2025ರಲ್ಲಿ ಮರಳಿತು. ಡೆಬಿಯನ್ ಯಾವ ಕಂಪನಿಯ ಸೊತ್ತೂ ಅಲ್ಲ. 1993ರಿಂದ ಸ್ವಯಂಸೇವಕರೇ ನಡೆಸಿಕೊಂಡು ಬಂದಿದ್ದಾರೆ. ಒಂದೊಂದು ಆವೃತ್ತಿಗೂ ದೀರ್ಘಾವಧಿ ಬೆಂಬಲ ಸೇರಿ ಐದು ವರ್ಷ ಆಯುಸ್ಸು. ಹೊಸತೇನೂ ಇಲ್ಲ ಎಂದು ಅದನ್ನು ಮೂದಲಿಸುವವರುಂಟು. ಮನೆಯ ಸರ್ವರ್‌ಗೆ ನನ್ನ ಮಟ್ಟಿಗೆ ಅದೇ ಅರ್ಹತೆ.

ಇನ್ನು ಜೆಡ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಮ್. 1 ಟಿಬಿ ಡಿಸ್ಕಿಗೆ 1 ಜಿಬಿ ರ‍್ಯಾಮ್ ಬೇಕೇಬೇಕು ಎಂಬ ಮಾತು ಅದೆಷ್ಟು ಜನರನ್ನು ಹೆದರಿಸಿದೆಯೋ. ಬಿಡುವಾಗಿರುವ ರ‍್ಯಾಮನ್ನು ಅದು ಕ್ಯಾಶ್ ಆಗಿ ಬಳಸುತ್ತದೆ, ಬೇರೆ ಪ್ರೋಗ್ರಾಂ ಕೇಳಿದರೆ ಬಿಟ್ಟುಕೊಡುತ್ತದೆ. ಕಡಿಮೆ ರ‍್ಯಾಮಿದ್ದರೆ ವೇಗ ತಗ್ಗೀತು, ಡೇಟಾ ಹಾಳಾಗದು. ನಿಜಕ್ಕೂ ರ‍್ಯಾಮ್ ಕಬಳಿಸುವುದು ಒಂದೇ ಡೇಟಾದ ನಕಲುಗಳನ್ನು ಒಂದಾಗಿಸುವ ಡಿಡೂಪ್ಲಿಕೇಶನ್. ಮನೆಯಲ್ಲಿ ಅದರ ಗೊಡವೆ ಬೇಡ. ದೋಷ ತಿದ್ದುವ ಇಸಿಸಿ ರ‍್ಯಾಮ್ ಒಳ್ಳೆಯದೇ. ಆದರೆ ಬೇರೆ ಫೈಲ್ ಸಿಸ್ಟಮ್‌ಗಳಿಗಿಂತ ಜೆಡ್‌ಎಫ್‌ಎಸ್‌ಗೆ ಅದು ಹೆಚ್ಚು ಅಗತ್ಯವೇನಲ್ಲ ಎಂದು ಅದನ್ನು ರೂಪಿಸಿದವರಲ್ಲೊಬ್ಬರಾದ ಮ್ಯಾಥ್ಯೂ ಆರೆನ್ಸ್ ಅವರೇ ಹೇಳಿದ್ದಾರೆ.

ಎಲ್ಲಕ್ಕಿಂತ ದುಬಾರಿ ನಂಬಿಕೆ: ರೇಡ್ ಇದೆ, ಬ್ಯಾಕಪ್ ಯಾಕೆ? ಹಲವು ಡಿಸ್ಕುಗಳನ್ನು ಒಂದಾಗಿ ಜೋಡಿಸುವ ರೇಡ್ ಉಳಿಸುವುದು ಡಿಸ್ಕ್ ಸತ್ತಾಗ ಮಾತ್ರ. ನೀವು ತಪ್ಪಿ ಅಳಿಸಿದ ಮದುವೆ ಫೋಟೊವನ್ನು ಮಿರರ್ ಅದೇ ಕ್ಷಣ ಎರಡೂ ಡಿಸ್ಕಿನಿಂದ ಅಳಿಸುತ್ತದೆ. ಸಿಡಿಲು, ಕಳ್ಳತನ, ರ‍್ಯಾನ್ಸಮ್‌ವೇರ್ ಬಂದರೆ ಎರಡಕ್ಕೂ ಒಟ್ಟಿಗೇ. ಬೇರೆ ಡಿಸ್ಕಿನಲ್ಲೊಂದು, ಬೇರೆ ಊರಿನಲ್ಲೊಂದು ಪ್ರತಿ ಇರಲಿ. ಊರಲ್ಲಿರುವ ಅಣ್ಣನ ಮನೆಯ ಬೀರುವೂ ಆದೀತು. ಫೋಟೊ ಫೋಲ್ಡರ್ ನಕಲು ಮಾಡಿದರಷ್ಟೇ ಸಾಲದು: ಇಮ್ಮಿಚ್‌ನ ಆಲ್ಬಂಗಳು, ಗುರುತಿಸಿದ ಮುಖಗಳು ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಿರುತ್ತವೆ. ಒಮ್ಮೆ ಬೇರೆ ಯಂತ್ರದಲ್ಲಿ ಮರುಸ್ಥಾಪಿಸಿ ನೋಡದ ಬ್ಯಾಕಪ್ಪನ್ನು ನಾನಂತೂ ನಂಬುವುದಿಲ್ಲ.

ಹೊರಗಿನಿಂದ ತಲುಪಲು ರೂಟರ್‌ನಲ್ಲಿ ಪೋರ್ಟ್ ತೆರೆಯಲೇಬೇಕೆಂದೇನಿಲ್ಲ. ನಮ್ಮಲ್ಲಿ ಹಲವು ಬ್ರಾಡ್‌ಬ್ಯಾಂಡ್ ಸಂಪರ್ಕಗಳಿಗೆ ಸ್ವಂತ ಐಪಿವಿ4 ವಿಳಾಸವೇ ಇರುವುದಿಲ್ಲ, ಹಾಗಾಗಿ ತೆರೆದರೂ ಕೆಲಸ ಮಾಡದು. ಟೇಲ್‌ಸ್ಕೇಲ್‌ನಂಥ ವ್ಯವಸ್ಥೆಯಲ್ಲಿ ಫೋನು, ಸರ್ವರ್ ಎರಡೂ ಒಳಗಿನಿಂದಲೇ ಹೊರಟು ಸಂಧಿಸುತ್ತವೆ, ಈ ತೊಡಕೇ ಬರುವುದಿಲ್ಲ. ಮನೆಯ ಬದಲು ಬಾಡಿಗೆ ಸರ್ವರಿನಲ್ಲಿ ಡಾಕರ್ ಓಡಿಸುವವರು ಇನ್ನೊಂದು ಗಮನಿಸಬೇಕು. ಡಾಕರ್ ತನ್ನ ಐಪಿಟೇಬಲ್ಸ್ ನಿಯಮಗಳನ್ನು ತಾನೇ ಬರೆದುಕೊಳ್ಳುವುದರಿಂದ, ಯುಎಫ್‌ಡಬ್ಲ್ಯು ಫೈರ್‌ವಾಲ್‌ನಲ್ಲಿ ಮುಚ್ಚಿದ ಪೋರ್ಟೂ ಹೊರಜಗತ್ತಿಗೆ ತೆರೆದೇ ಇರಬಹುದು. ಪೋರ್ಟ್ ಸಂಖ್ಯೆಯ ಮುಂದೆ 127.0.0.1 ಸೇರಿಸಿದರೆ ಅದು ಆ ಯಂತ್ರದೊಳಗೇ ಉಳಿಯುತ್ತದೆ.