ಪಂಚಾಂಗದ ಅಂಚಿನಲ್ಲಿ ಹಕ್ಕಿಗಳು

ಮಕರ ಮಾಸ ಕಳೆದು ಕುಂಭವು ಕಾಲಿರಿಸುವ ದಿನಗಳಲ್ಲಿ ನಮ್ಮ ಕಾಸರಗೋಡು ಸೀಮೆಯ ಬೆಳಗಿಗೆ ಎರಡು ಮುಖಗಳುಂಟು. ಸೂರ್ಯೋದಯಕ್ಕೆ ಮೊದಲು ಅಡಿಕೆ ತೋಟದ ಮೇಲೆ ಮಂಜು ಕವಿದಿರುತ್ತದೆ; ಎಂಟು ಗಂಟೆಯಾಗುವುದರೊಳಗೆ ಪದವಿನ ಮುರಕಲ್ಲು ಕಾಯತೊಡಗುತ್ತದೆ. ಈ ಎರಡರ ನಡುವಣ ಹೊತ್ತಿನಲ್ಲಿ ನಾವು ದಿನವೂ ಮನೆಯಿಂದ ಹೊರಟು, ತೋಟವನ್ನು ದಾಟಿ, ಗುಡ್ಡವನ್ನೇರಿ, ಪದವಿನಲ್ಲಿ ಒಂದು ಸುತ್ತು ಬಂದು, ಗೇರುತೋಪಿನ ಅಂಚಿನಿಂದ ಹಿಂದಿರುಗುತ್ತೇವೆ. ನಾವೆಂದರೆ, ಹಳೆಯ ದುರ್ಬೀನೊಂದನ್ನು ಸರದಿಯಂತೆ ಕಣ್ಣಿಗೆ ಹಿಡಿಯುವ ವೃದ್ಧ ದಂಪತಿಗಳು. ವೈದ್ಯರ ಸಲಹೆಯಂತೆ ಮೊದಲಾದ ಈ ನಡಿಗೆ, ಈಗ ಹಕ್ಕಿಗಳ ಸಲುವಾಗಿ ನಡೆಯುತ್ತಿದೆ.

ಚಳಿಗಾಲವು ವಸಂತಕ್ಕೆ ತಿರುಗುವ ಈ ಸಂಧಿಕಾಲದಲ್ಲಿ ಹಕ್ಕಿಗಳು ಎರಡು ಪಂಗಡಗಳಾಗುತ್ತವೆ. ಮೊದಲನೆಯವು ಊರಿಗೆ ಮರಳಲು ಅಣಿಯಾಗುವ ಅತಿಥಿಗಳು. ಎರಡನೆಯವು ಸಂಸಾರ ಹೂಡಲು ತೊಡಗುವ ನೆರೆಕರೆಯವು.

ಸುರಂಗದ ನೀರು ಹರಿದು ಬರುವ ತೋಟದ ಕಣಿಯಲ್ಲಿ ಬಾಲವನ್ನು ಸದಾ ಮೇಲೆ ಕೆಳಗೆ ಕುಣಿಸುವ ಬೂದು ಸಿಪಿಲೆ ಅತಿಥಿಗಳಲ್ಲೊಂದು. ಹಿಮಾಲಯದ ತೊರೆಗಳ ಬದಿಯಲ್ಲಿ ಗೂಡು ಕಟ್ಟುವ ಈ ಹಕ್ಕಿ ನಮ್ಮ ತೋಟದಲ್ಲಿ ಚಳಿಗಾಲವನ್ನು ಕಳೆಯುತ್ತದೆ. ಮಾವಿನ ಮರದ ಎಲೆಗಳ ನಡುವೆ ಹುಳುಗಳನ್ನು ಹೆಕ್ಕುವ ಹಸುರು ಉಲಿಯಕ್ಕಿಯ ತೂಕ ಸುಮಾರು ೮ ಗ್ರಾಂ ಮಾತ್ರ. ಅಷ್ಟು ಹಗುರಾದ ಜೀವವು ಉತ್ತರದ ದೂರದ ಮಲೆಗಳಿಗೆ ಹಾರಿಹೋಗಬೇಕಾದರೆ ಮೈಯಲ್ಲಿ ಕೊಬ್ಬನ್ನು ಕೂಡಿಟ್ಟುಕೊಳ್ಳಬೇಕು. ಆದುದರಿಂದಲೇ ಈ ದಿನಗಳಲ್ಲಿ ಅದಕ್ಕೆ ಅಷ್ಟೊಂದು ತಿನ್ನುವ ಅವಸರ.

ಆದರೆ ಅತಿಥಿಗಳಲ್ಲಿ ನಮಗೆ ಅತ್ಯಂತ ಪ್ರಿಯವಾದದ್ದು ನವರಂಗ. ಹಸುರು ಬೆನ್ನು, ರೆಕ್ಕೆಯಲ್ಲಿ ನೀಲಿ, ಬಾಲದ ಬುಡದಲ್ಲಿ ಕೆಂಪು, ಕಣ್ಣಿಗೆ ಕಪ್ಪು ಪಟ್ಟಿ. ಇಷ್ಟೆಲ್ಲ ಬಣ್ಣವಿದ್ದರೂ ಬಲ್ಲೆಯ ನೆರಳಿನಲ್ಲಿ ತರಗೆಲೆ ಕೆದಕುತ್ತಿರುವಾಗ ಕಣ್ಣಿಗೆ ಬೀಳುವುದು ದುರ್ಲಭ. ಮುಂಜಾನೆ, ಮುಸ್ಸಂಜೆಗಳಲ್ಲಿ ಎರಡು ಸ್ವರದ ಸಿಳ್ಳು ಹಾಕಿದಾಗಲೇ ಅದರ ಇರವು ತಿಳಿಯಬೇಕು. ತಮಿಳರು ಇದನ್ನು ಆರು ಗಂಟೆಯ ಹಕ್ಕಿಯೆಂದು ಕರೆಯುವುದು ಈ ಹೊತ್ತುಗಾರಿಕೆಯಿಂದಲೇ. ಉತ್ತರ ಮತ್ತು ಮಧ್ಯಭಾರತದ ಕಾಡುಗಳಲ್ಲಿ ಮರಿಮಾಡುವ ಇದು ಬಿಸುವಿನ ಆಸುಪಾಸಿನಲ್ಲಿ ನಮ್ಮನ್ನು ಬಿಟ್ಟು ಹೊರಡುತ್ತದೆ.

ಇನ್ನು ನೆರೆಕರೆಯವರ ಮಾತು. ಚಳಿಗಾಲದುದ್ದಕ್ಕೂ ಮೌನಿಯಾಗಿದ್ದ ಮಡಿವಾಳ ಹಕ್ಕಿ, ಈಗ ಹಟ್ಟಿಯ ಮಾಡಿನ ತುದಿಯಲ್ಲಿ ಕುಳಿತು ಬೆಳಕು ಹರಿಯುವ ಮುನ್ನವೇ ಹಾಡತೊಡಗುತ್ತದೆ. ಮಲೆಯಾಳದಲ್ಲಿ ಇದು ವಣ್ಣಾತ್ತಿಪ್ಪುಳ್ಳ್. ವಣ್ಣಾತ್ತಿಯೆಂದರೂ ಬಟ್ಟೆ ಒಗೆಯುವವಳೇ. ನಮ್ಮ ಕುಟುರ ಹಕ್ಕಿ ಅವರಿಗೆ ಕುಟ್ಟುರುವನ್. ೧೯೫೬ರ ನವೆಂಬರ್ ೧ರಂದು ರಾಜ್ಯಗಳ ಗೆರೆ ಬಿದ್ದ ಬಳಿಕ ನಾವು ಎಷ್ಟೋ ವಿಷಯಗಳಲ್ಲಿ ಅತ್ತಿತ್ತಲಾದೆವು. ಹಕ್ಕಿಗೆ ಹೆಸರಿಡುವಲ್ಲಿ ಮಾತ್ರ ಎರಡು ಭಾಷೆಗಳ ಕಿವಿಯೂ ಒಂದನ್ನೇ ಕೇಳಿದೆ, ಕಣ್ಣೂ ಒಂದನ್ನೇ ಕಂಡಿದೆ.

ಪದವಿನ ಒಡೆಯನೆಂದರೆ ಹಳದಿ ಟಿಟ್ಟಿಭ. ಕೆಲಸಕ್ಕೆ ಬಾರದ ಬರಡು ನೆಲವೆಂದು ನಾವು ಬಗೆಯುವ ಮುರಕಲ್ಲಿನ ಹಾಸಿನಲ್ಲೇ ಅದರ ತೊಟ್ಟಿಲು. ಗೂಡೆಂಬುದು ಹೆಸರಿಗೆ ಮಾತ್ರ. ಹರಳುಕಲ್ಲುಗಳ ನಡುವೆ ಕಲ್ಲಿನದೇ ಬಣ್ಣದ ನಾಲ್ಕು ಮೊಟ್ಟೆಗಳು. ತಾಯಿಹಕ್ಕಿ ಕೂಗುತ್ತ ಬೇರೆಡೆಗೆ ಓಡಿದರೆ ನಾವು ನಿಂತಲ್ಲೇ ನಿಂತು, ಬಂದ ದಾರಿಯಲ್ಲಿ ಹಿಂದಿರುಗಬೇಕು. ಮುಂದಿಡುವ ಒಂದು ಹೆಜ್ಜೆ ಒಂದು ಸಂಸಾರವನ್ನೇ ಅಳಿಸಬಹುದು. ಪದವುಗಳನ್ನು ಕಲ್ಲಿಗಾಗಿ ಕಡಿಯುತ್ತಿರುವ ಈ ಕಾಲದಲ್ಲಿ ಈ ಮಾತು ನಮ್ಮ ಕಾಲಿಗಷ್ಟೇ ಅನ್ವಯಿಸುವುದಲ್ಲ.

ಗೇರುತೋಪಿನ ಅಂಚನ್ನು ಮುಟ್ಟಿದಾಗ ನಾವು ಮಾತು ನಿಲ್ಲಿಸಿ ಕಿವಿಗೊಡುತ್ತೇವೆ. ಅದಕ್ಕೆ ಕಾರಣವುಂಟು. ೧೯೭೦ರ ದಶಕದ ಕೊನೆಯಿಂದ ೨೦೦೦ದ ವರೆಗೆ ಈ ಸೀಮೆಯ ಗೇರುತೋಪುಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಲಾಯಿತು. ಗೇರುಮರ ಚಿಗುರಿ ಹೂಬಿಡುವ ಕಾಲದಲ್ಲಿ ಅದರ ರಸ ಹೀರುವ ಕೀಟವನ್ನು ಕೊಲ್ಲುವುದು ಅದರ ಉದ್ದೇಶ. ಜೇನುಪೆಟ್ಟಿಗೆಗಳು ಬರಿದಾದುದನ್ನೂ, ತೋಡಿನ ಮೀನು ಕಪ್ಪೆಗಳು ಸತ್ತುದನ್ನೂ, ಮನೆಮನೆಗಳಲ್ಲಿ ಮಕ್ಕಳು ಅನುಭವಿಸಿದ ಸಂಕಟವನ್ನೂ ನಮ್ಮ ಓದುಗರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ೨೦೧೧ರಲ್ಲಿ ಸುಪ್ರೀಂ ಕೋರ್ಟು ದೇಶದಲ್ಲೆಲ್ಲ ಆ ವಿಷವನ್ನು ತಡೆಯಿತು.

ಹಕ್ಕಿಗಳ ಪಾಡೇನಾಗಿತ್ತು? ಹೋದ ವರ್ಷ ಮೊಮ್ಮಗಳು ಈ ಪ್ರಶ್ನೆಯನ್ನು ಕೇಳಿದಾಗ ನಾವು ಅಟ್ಟದಿಂದ ಹಳೆಯ ಪಂಚಾಂಗಗಳ ಕಟ್ಟನ್ನು ಇಳಿಸಿದೆವು. ಪಂಚಾಂಗದ ಅಂಚಿನಲ್ಲಿ ಬರೆದಿಡುವುದು ನಮ್ಮ ಮನೆಯ ವಾಡಿಕೆ. ಆ ಇಪ್ಪತ್ತು ಚಿಲ್ಲರೆ ವರ್ಷಗಳಲ್ಲಿ ಅಡಿಕೆಯ ಧಾರಣೆಯಿದೆ, ಆಳುಗಳ ಮಜೂರಿಯಿದೆ, ಹಸು ಕರು ಹಾಕಿದ ದಿನವಿದೆ, ಹಿರಿಯರ ತಿಥಿಯಿದೆ. ಹಕ್ಕಿಯ ಮಾತು ಒಂದೂ ಇಲ್ಲ. ನವರಂಗ ಆ ವರ್ಷಗಳಲ್ಲಿ ಬಂದಿತ್ತೇ, ಬಂದು ಹಿಂದಿರುಗಿತ್ತೇ? ಮಡಿವಾಳ ಯಾವ ವರ್ಷ ಹಾಡಲಿಲ್ಲ? ಕಣ್ಣೆದುರು ನಡೆದುದಕ್ಕೆ ನಾವು ಸಾಕ್ಷಿಗಳಾಗಲಿಲ್ಲ. “ಹಾಗಾದರೆ ಅಜ್ಜಾ, ನಿಮಗೆ ಗೊತ್ತೇ ಇಲ್ಲವೇ?” ಎಂದು ಆ ಮಗು ಕೇಳಿದಾಗ ನಮ್ಮಿಬ್ಬರಲ್ಲಿಯೂ ಉತ್ತರವಿರಲಿಲ್ಲ.

ಅಂದಿನಿಂದ ಪಂಚಾಂಗದ ಅಂಚಿನಲ್ಲಿ ಹಕ್ಕಿಗಳಿಗೂ ಜಾಗ ದೊರೆತಿದೆ. ಇದಕ್ಕೆ ಪಾಂಡಿತ್ಯವೇನೂ ಬೇಡ. ಮಾಸಲು ಬಣ್ಣದ ಉಡುಪು, ಮೆಲ್ಲನೆಯ ನಡಿಗೆ, ಕಣ್ಣಿಗಿಂತ ಮೊದಲು ಕಿವಿ. ಗೂಡಿನ ಬಳಿಗೆ ಹೋಗದಿರುವ ಸಂಯಮ. ಹೆಸರು ತಿಳಿಯದಿದ್ದರೆ ಬಣ್ಣವನ್ನೂ ಕೂಗನ್ನೂ ಬರೆದರಾಯಿತು. ಮನೆಯ ಹಿರಿಯರನ್ನು ಕೇಳಿದರೆ ತುಳುವಿನಲ್ಲೋ ಕನ್ನಡದಲ್ಲೋ ಒಂದು ಹೆಸರು ಹೊರಬಂದೀತು, ಅದೂ ಉಳಿಯಬೇಕಾದದ್ದೇ.

ಕಳೆದ ವರ್ಷದ ನಮ್ಮ ಪಂಚಾಂಗದಲ್ಲಿ ಬಿಸುವಿನ ಮೂರನೆಯ ದಿನ ಹೀಗಿದೆ: ‘ನವರಂಗ ಇಂದೂ ಕೇಳಲಿಲ್ಲ. ಹೊರಟಿರಬೇಕು.’ ದೀಪಾವಳಿಗೆ ಕೆಲವು ದಿನಗಳ ಹಿಂದೆ ಇನ್ನೊಂದು ಸಾಲು, ಮೊಮ್ಮಗಳ ದುಂಡು ಅಕ್ಷರಗಳಲ್ಲಿ: ‘ಸಂಜೆ ಬಲ್ಲೆಯಲ್ಲಿ ನವರಂಗ. ನಾನೇ ಮೊದಲು ಕೇಳಿದ್ದು.’

ಓದುಗ ಬಂಧುಗಳೇ, ನಿಮ್ಮ ಮನೆಯ ಗೋಡೆಯಲ್ಲಿಯೂ ಪಂಚಾಂಗವೊಂದು ತೂಗುತ್ತಿರಬಹುದು. ನಾಳೆ ಬೆಳಗ್ಗೆ ಅಂಗಳದಲ್ಲಿ ಮೊದಲು ಕೂಗಿದ ಹಕ್ಕಿ ಯಾವುದೆಂದು ಅದರ ಅಂಚಿನಲ್ಲಿ ಒಂದು ಸಾಲು ಬರೆದಿಡಿ. ಮುಂದೊಂದು ದಿನ ಮಗುವೊಂದು ಕೇಳಿದಾಗ ತೋರಿಸಲು ಅದಾದರೂ ಇರಲಿ.