ಗಾಯಾಳುವನ್ನು ಎತ್ತಿದವನಿಗೆ ಕೋರ್ಟಿನ ಅಲೆದಾಟ ಉಂಟೇ?

ನಮ್ಮ ಬೆಳೆಗಾರ ಬಂಧುಗಳ ಪೈಕಿ ಹಲವರ ಮಕ್ಕಳು ಬೆಂಗಳೂರಿನ ಉತ್ತರಹಳ್ಳಿ, ಬನಶಂಕರಿ ಕಡೆ ನೆಲೆಸಿದ್ದಾರೆ. ಅವರನ್ನು ನೋಡಲು ಹೋದವರು ಕೆಂಗೇರಿ–ಉತ್ತರಹಳ್ಳಿ ರಸ್ತೆಯ ವಾಹನ ಸಂದಣಿ ಬಲ್ಲರು. ಅಂಥಲ್ಲಿ ಸ್ಕೂಟರ್ ಸವಾರ ಬಿದ್ದರೆ ಸುತ್ತ ಸೇರುವವರು ಹಲವರು, ಎತ್ತುವವರು ಕೆಲವರು. ನಮ್ಮ ಘಟ್ಟದ ತಿರುವುಗಳಲ್ಲೂ ಇದೇ ಪಾಡು. ಪೊಲೀಸು, ಸಾಕ್ಷಿ, ಕೋರ್ಟು. ಕೊಯ್ಲಿನ ಕಾಲದಲ್ಲಿ ಈ ತಾಪತ್ರಯ ಯಾರಿಗೆ ಬೇಕು ಎಂಬ ಅಂಜಿಕೆ! ಹಿಂದೆ ಅದಕ್ಕೆ ಕಾರಣವೂ ಇತ್ತೆನ್ನಿ.

2016ರ ಫೆಬ್ರವರಿಯಲ್ಲಿ ನೆಲಮಂಗಲದ ಬಳಿ ಲಾರಿಗೆ ಸಿಕ್ಕಿ ದೇಹ ತುಂಡಾದ ಯುವಕನೊಬ್ಬ, ಪ್ರಾಣ ಹೋಗುವ ಹೊತ್ತಿನಲ್ಲೂ ತನ್ನ ಅಂಗಾಂಗಗಳನ್ನು ದಾನ ಮಾಡಿರೆಂದ. ನಾಡೇ ಮರುಗಿತು. ಗಾಯಾಳುಗಳಿಗೆ ಮೊದಲ 48 ಗಂಟೆ 25,000 ರೂ.ವರೆಗೆ ಉಚಿತ ಚಿಕಿತ್ಸೆಯ ಯೋಜನೆಯನ್ನು ರಾಜ್ಯ ಸರ್ಕಾರ ಅವನ ಹೆಸರಿನಲ್ಲೇ ತಂದಿತು. ಅದೇ ವರ್ಷ ನೆರವಾದವರ ರಕ್ಷಣೆಗೆ ನಮ್ಮ ಶಾಸನಸಭೆ ಕಾಯ್ದೆ ಅಂಗೀಕರಿಸಿತು. 2018ರಲ್ಲಿ ರಾಷ್ಟ್ರಪತಿಗಳ ಒಪ್ಪಿಗೆ ದೊರೆಯಿತು. 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯ್ದೆಗೆ 134ಎ ಕಲಮು ಸೇರಿ, ಈ ರಕ್ಷಣೆ ದೇಶಕ್ಕೆಲ್ಲ ವಿಸ್ತರಿಸಿತು.

ಇದರಿಂದ ನಮಗೇನು? ಒಳ್ಳೆಯ ಮನಸ್ಸಿನಿಂದ, ಪ್ರತಿಫಲ ಬಯಸದೆ ಗಾಯಾಳುವಿಗೆ ನೆರವಾದವನ ಮೇಲೆ, ಆ ಗಾಯಾಳು ತೀರಿಕೊಂಡರೂ, ಸಿವಿಲ್ ಅಥವಾ ಕ್ರಿಮಿನಲ್ ದಾವೆ ಹೂಡುವಂತಿಲ್ಲ. ಹೆಸರು, ವಿಳಾಸ ಹೇಳೆಂದು ಪೊಲೀಸರು ಒತ್ತಾಯಿಸುವಂತಿಲ್ಲ. ಆಸ್ಪತ್ರೆಗೆ ಸೇರಿಸಿ ನಿಮ್ಮ ಪಾಡಿಗೆ ನೀವು ಹೊರಡಬಹುದು. ಸಾಕ್ಷಿಯಾಗಲು ನೀವಾಗಿಯೇ ಒಪ್ಪಿದರೆ, ನಿಮಗೆ ಅನುಕೂಲವಾದ ಸಮಯಕ್ಕೆ ಮನೆಗೋ ತೋಟಕ್ಕೋ ಬಂದು ಹೇಳಿಕೆ ಪಡೆಯಬಹುದು. ಬರುವ ಪೊಲೀಸರು ಸಮವಸ್ತ್ರದಲ್ಲಿರಬಾರದು. ಚಿಕಿತ್ಸೆ ಮೊದಲು, ಪೊಲೀಸ್ ಕಾಗದಪತ್ರ ಆಮೇಲೆ ಎಂದು ಸುಪ್ರೀಂ ಕೋರ್ಟು 1989ರಲ್ಲೇ ಹೇಳಿದೆ.

ಕೇಂದ್ರ ಸರ್ಕಾರ 2021ರಲ್ಲಿ 5,000 ರೂ. ಬಹುಮಾನವನ್ನೂ ಗೊತ್ತುಮಾಡಿತು, ಮುಂದೆ ಅದನ್ನು ಏರಿಸಿತು. ಸಾಕ್ಷಿಯ ತೊಡಕು ಕಳೆದದ್ದೇ ಅದಕ್ಕಿಂತ ದೊಡ್ಡ ಅನುಕೂಲವೆಂದು ನಮ್ಮ ಅಭಿಪ್ರಾಯ.

ರಕ್ತ ಹರಿಯುತ್ತಿದ್ದರೆ ಶುದ್ಧ ಬಟ್ಟೆಯಿಂದ ಒತ್ತಿ ಹಿಡಿಯಿರಿ. ಕತ್ತು, ಬೆನ್ನಿಗೆ ಪೆಟ್ಟಾಗಿದೆ ಅನಿಸಿದರೆ ಜೀಪಿನೊಳಗೆ ಮಡಿಚಿ ತುರುಕಬೇಡಿ. 108ಕ್ಕೆ ಫೋನ್ ಮಾಡಿ, ಅಲುಗಾಡಿಸದೆ ಜೊತೆಗಿರಿ.

ಆದರೆ ಈ ರಕ್ಷಣೆ ದಾರಿಹೋಕನಿಗೆ ಮಾತ್ರ. ಡಿಕ್ಕಿ ಹೊಡೆದ ವಾಹನದ ಚಾಲಕನಿಗೆ ಗಾಯಾಳುವನ್ನು ಆಸ್ಪತ್ರೆಗೆ ಸಾಗಿಸಿ ಪೊಲೀಸರಿಗೆ ತಿಳಿಸುವುದು 134ನೇ ಕಲಮಿನ ಪ್ರಕಾರ ಕರ್ತವ್ಯ. ನಮ್ಮದೇ ತೋಟದಲ್ಲಿ ಅಡಿಕೆ ಮರದಿಂದ ಆಳು ಬಿದ್ದಾಗಲೂ ನಾವು ದಾರಿಹೋಕರಲ್ಲ. ಅಲ್ಲಿ ನೋಡಬೇಕಾದದ್ದು ನೌಕರರ ಪರಿಹಾರದ ಕಾನೂನು. ಕೊನೆ ಇಳಿಸುವವರಿಗೆ ವಿಮೆ ಆಗಿದೆಯೇ ಎಂದು ಕೊಯ್ಲಿಗೆ ಮೊದಲೇ ವಿಚಾರಿಸಿಕೊಳ್ಳಿ.