ಹರಾಜಿಲ್ಲದ ಮಾರುಕಟ್ಟೆಯಲ್ಲಿ ಹಳೆಯ ಡೀಸೆಲ್ ಕಾರಿನ ಬೆಲೆ

ಮುಳಬಾಗಿಲು ತಾಲ್ಲೂಕಿನ ತಾಯಲೂರು ಹೋಬಳಿಯಂಥ ಟೊಮೆಟೊ ಸೀಮೆಯಲ್ಲಿ ಬೆಲೆ ಎಂಬುದು ಹೇಗೆ ನಿರ್ಧಾರವಾಗುತ್ತದೆ ಎಂಬುದನ್ನು ಯಾರೂ ಯಾರಿಗೂ ಹೇಳಿಕೊಡಬೇಕಾಗಿಲ್ಲ. ವಡ್ಡಹಳ್ಳಿಯ ಮಾರುಕಟ್ಟೆಗೋ ಕೋಲಾರದ ಎಪಿಎಂಸಿ ಪ್ರಾಂಗಣಕ್ಕೋ ಹೋದ 15 ಕಿಲೋ ಬಾಕ್ಸಿನ ಮುಂದೆ ಹಲವು ವ್ಯಾಪಾರಿಗಳು ನಿಂತು ಕೂಗುತ್ತಾರೆ, ಕೂಗು ನಿಂತಲ್ಲಿ ದರ ನಿಲ್ಲುತ್ತದೆ, ಅದರಲ್ಲಿ ಕಮಿಷನ್, ಗಾಡಿ ಬಾಡಿಗೆ ಮತ್ತು ಕೂಲಿ ಕಳೆದು ಕೈಗೆ ಬಂದದ್ದನ್ನಷ್ಟೇ ರೈತ ತನ್ನ ಬೆಲೆ ಎಂದು ಎಣಿಸುತ್ತಾನೆ. ಅದೇ ಮನೆಯ ಡೀಸೆಲ್ ಕಾರು ಹಳತಾಗಿ, ಹೊಸದಕ್ಕಾಗಿ ಕೋಲಾರದ ಅಥವಾ ಬೆಂಗಳೂರಿನ ಶೋರೂಮಿಗೆ ಹೋದಾಗ ಮಾತ್ರ ಈ ಎರಡು ರಕ್ಷಣೆಗಳೂ ಇಲ್ಲವಾಗುತ್ತವೆ: ಅಲ್ಲಿ ಕೊಳ್ಳುವವನು ಒಬ್ಬನೇ ಇರುತ್ತಾನೆ, ಮತ್ತು ಅವನು ಹೇಳುವ ಮೊತ್ತದಲ್ಲಿ ಹಳೆಯ ಕಾರಿನ ಬೆಲೆಯೂ ಹೊಸ ಕಾರಿನ ರಿಯಾಯಿತಿಯೂ ಒಂದರೊಳಗೊಂದು ಬೆರೆತಿರುತ್ತವೆ.

ಹಳೆಯ ಕಾರನ್ನು ಡೀಲರ್‌ಗೆ ಒಪ್ಪಿಸಿ, ಅದರ ಮೌಲ್ಯವನ್ನು ಹೊಸ ಕಾರಿನ ಬೆಲೆಯಲ್ಲಿ ವಜಾ ಮಾಡಿಸಿಕೊಳ್ಳುವ ಈ ಪದ್ಧತಿಯನ್ನು ಎಲ್ಲರೂ ‘ಎಕ್ಸ್‌ಚೇಂಜ್’ ಎಂದೇ ಕರೆಯುತ್ತಾರೆ. ಅದು ನೋಡಲು ಒಂದೇ ವ್ಯವಹಾರದಂತಿದ್ದರೂ ವಾಸ್ತವದಲ್ಲಿ ಒಂದು ಮಾರಾಟ ಮತ್ತು ಒಂದು ಖರೀದಿ ಸೇರಿದ ಜೋಡಿ ವ್ಯವಹಾರ. ಡೀಲರ್ ಹೇಳುವ ದರ ನ್ಯಾಯವೇ ಅಲ್ಲವೇ ಎಂದು ತಿಳಿಯಬೇಕಾದರೆ ಈ ಜೋಡಿಯನ್ನು ಬಿಡಿಸಿ, ಒಂದೊಂದನ್ನೂ ಬೇರೆಬೇರೆಯಾಗಿ ತೂಗಬೇಕು.

ಡೀಸೆಲ್ ಕಾರಿನ ಬೆಲೆ ಬದಲಾದ ಬಗೆ

2014ರ ಅಕ್ಟೋಬರ್‌ವರೆಗೆ ಡೀಸೆಲ್ ದರವು ಕೇಂದ್ರ ಸರ್ಕಾರದ ನಿಯಂತ್ರಣದಲ್ಲಿತ್ತು. ಪೆಟ್ರೋಲ್ ದರದ ಮೇಲಿನ ನಿಯಂತ್ರಣ 2010ರಲ್ಲೇ ಹೋಗಿದ್ದರಿಂದ ಎರಡು ಇಂಧನಗಳ ನಡುವಿನ ಅಂತರ ಹಿಗ್ಗಿ, ಆ ವರ್ಷಗಳಲ್ಲಿ ಡೀಸೆಲ್ ಕಾರುಗಳಿಗೆ ಭಾರಿ ಬೇಡಿಕೆ ಹುಟ್ಟಿತು. ನಿಯಂತ್ರಣ ಹೋದ ಮೇಲೆ ಅಂತರ ಕುಗ್ಗಿತು. 2020ರ ಏಪ್ರಿಲ್ 1ರಂದು ಬಿಎಸ್6 ಮಾಲಿನ್ಯ ಮಾನದಂಡ, ಅಂದರೆ ವಾಹನದ ಹೊಗೆಯಲ್ಲಿ ಎಷ್ಟು ವಿಷಾನಿಲ ಮತ್ತು ಮಸಿ ಇರಬಹುದೆಂಬ ಮಿತಿಯ ಆರನೆಯ ಹಂತ, ದೇಶದಾದ್ಯಂತ ಜಾರಿಗೆ ಬಂದಾಗ ಡೀಸೆಲ್ ಎಂಜಿನ್ ತಯಾರಿಸುವ ಖರ್ಚು ಏರಿತು, ಮತ್ತು ಮಾರುತಿ ಸುಜುಕಿ ಕಂಪನಿ ಡೀಸೆಲ್ ಕಾರುಗಳನ್ನೇ ನಿಲ್ಲಿಸಿತು. ಸ್ವಿಫ್ಟ್, ಡಿಜೈರ್‌ಗಳಲ್ಲಿ ಹೆಸರು ಮಾಡಿದ್ದ ಫಿಯಟ್ ಮೂಲದ 1,248 ಸಿಸಿ ಎಂಜಿನ್ ಹೀಗೆ ಹೊಸ ಕಾರುಗಳಿಂದ ಮರೆಯಾಯಿತು. ಆದರೆ ಅದರ ರಿಪೇರಿ ಬಲ್ಲ ಮೆಕ್ಯಾನಿಕ್‌ಗಳು ತಾಲ್ಲೂಕು ಕೇಂದ್ರಗಳಲ್ಲಿ ಇಂದಿಗೂ ಇರುವುದರಿಂದ ಹಳೆಯ ಕಾರುಗಳ ಮಾರುಕಟ್ಟೆಯಲ್ಲಿ ಅದಕ್ಕೆ ಕೇಳುವವರಿದ್ದಾರೆ.

ಇತ್ತೀಚಿನ ದೊಡ್ಡ ಬದಲಾವಣೆ 2025ರ ಸೆಪ್ಟೆಂಬರ್ 22ರದು. ನಾಲ್ಕು ಮೀಟರ್ ಉದ್ದ ಮತ್ತು 1,500 ಸಿಸಿ ಮೀರದ ಡೀಸೆಲ್ ಕಾರುಗಳ ಮೇಲೆ ಅದುವರೆಗೆ ಸೆಸ್ ಸೇರಿ ಶೇ. 31ರಷ್ಟಿದ್ದ ತೆರಿಗೆ ಅಂದು ಶೇ. 18ಕ್ಕೆ ಇಳಿಯಿತು, ದೊಡ್ಡ ಕಾರುಗಳಿಗೆ ಸೆಸ್ ರದ್ದಾಗಿ ಶೇ. 40ರ ಒಂದೇ ದರ ಬಂದಿತು. ಹೊಸ ಕಾರು ಅಗ್ಗವಾದರೆ ಅದೇ ಮಾದರಿಯ ಹಳೆಯ ಕಾರು ತನ್ನ ಬೆಲೆಯನ್ನು ಉಳಿಸಿಕೊಳ್ಳಲಾರದು; ಆದ್ದರಿಂದ ಆ ದಿನಾಂಕಕ್ಕೆ ಮೊದಲು ನೆಂಟರೋ ನೆರೆಯವರೋ ಪಡೆದ ದರವನ್ನು ಇಂದಿನ ಅಳತೆಗೋಲಾಗಿ ಹಿಡಿಯುವುದು ಸರಿಯಲ್ಲ.

ಡೀಸೆಲ್ ಕಾರಿನ ದರ ಇಳಿಸಲು ಆಗಾಗ ಮುಂದಿಡುವ ಇನ್ನೊಂದು ವಾದವೆಂದರೆ ಹತ್ತು ವರ್ಷದ ನಿರ್ಬಂಧ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲಿ ನೀಡಿದ, ಸುಪ್ರೀಂ ಕೋರ್ಟ್ 2018ರ ಅಕ್ಟೋಬರ್‌ನಲ್ಲಿ ಎತ್ತಿಹಿಡಿದ ಆ ನಿರ್ಬಂಧ ದೆಹಲಿ ಮತ್ತು ರಾಷ್ಟ್ರ ರಾಜಧಾನಿ ಪ್ರದೇಶಕ್ಕೆ ಸಂಬಂಧಿಸಿದ್ದು. ಮೋಟಾರು ವಾಹನ ಕಾಯ್ದೆಯ ಪ್ರಕಾರ ಖಾಸಗಿ ಕಾರಿನ ನೋಂದಣಿ 15 ವರ್ಷ ಊರ್ಜಿತವಾಗಿರುತ್ತದೆ, ಬಳಿಕ ತಪಾಸಣೆಯಲ್ಲಿ ಉತ್ತೀರ್ಣವಾದರೆ ಐದೈದು ವರ್ಷಕ್ಕೆ ನವೀಕರಣಗೊಳ್ಳುತ್ತದೆ. ಕೋಲಾರ ಜಿಲ್ಲೆಯ ಕೆಎ 07 ಅಥವಾ ಕೆಎ 08 ಫಲಕದ ಎಂಟು ವರ್ಷದ ಡೀಸೆಲ್ ಕಾರಿಗೆ ‘ಇನ್ನು ಎರಡೇ ವರ್ಷ ಆಯಸ್ಸು’ ಎಂದು ಹೇಳಿ ದರ ತಗ್ಗಿಸಿದರೆ ಆ ಮಾತಿಗೆ ಕಾನೂನಿನ ಆಧಾರವಿಲ್ಲ.

ಎಂಜಿನ್ ಹೇಳುವ ಸಾಕ್ಷ್ಯ

ಪೆಟ್ರೋಲ್ ಎಂಜಿನ್ನಿನಲ್ಲಿ ಕಿಡಿ ಹಾರಿಸಿ ಇಂಧನ ಹೊತ್ತಿಸಲಾಗುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಗಾಳಿಯನ್ನೇ ಬಲವಾಗಿ ಅದುಮಿ, ಅದರಿಂದ ಹುಟ್ಟಿದ ಬಿಸಿಗೆ ಇಂಧನವನ್ನು ಸಿಂಪಡಿಸಿದಾಗ ಅದು ತಾನಾಗಿ ಹೊತ್ತಿಕೊಳ್ಳುತ್ತದೆ. ಈ ಒತ್ತಡವನ್ನು ತಾಳಿಕೊಳ್ಳಲು ಡೀಸೆಲ್ ಎಂಜಿನ್ನನ್ನು ಗಟ್ಟಿಯಾಗಿ ಕಟ್ಟಿರುತ್ತಾರೆ, ಹಾಗಾಗಿ ಹೆಚ್ಚು ಓಡಿದ್ದು ಮಾತ್ರದಿಂದಲೇ ಅದು ಮುಗಿದುಹೋಯಿತೆಂದು ತೀರ್ಮಾನಿಸಲಾಗದು. ಅದರ ದುಬಾರಿ ಭಾಗಗಳು ಬೇರೆ: ಇಂಧನವನ್ನು ಮಂಜಿನಂತೆ ಸಿಂಪಡಿಸುವ ಇಂಜೆಕ್ಟರ್, ಅದಕ್ಕೆ ಒತ್ತಡ ಕೊಡುವ ಪಂಪ್, ಹೊಗೆಯ ರಭಸದಿಂದಲೇ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ನೂಕುವ ಟರ್ಬೊ, ಮತ್ತು ಕ್ಲಚ್. ಶೋರೂಮಿನ ಮೌಲ್ಯಮಾಪಕ ದೊಡ್ಡ ಕಡಿತ ಮಾಡುವುದು ಸಾಮಾನ್ಯವಾಗಿ ಇವುಗಳ ಹೆಸರಿನಲ್ಲೇ.

ಆ ಕಡಿತ ನಿಜವೇ ಎಂಬುದನ್ನು ಶೋರೂಮಿಗೆ ಹೋಗುವ ಮೊದಲೇ ಪರಿಚಯದ ಗ್ಯಾರೇಜಿನಲ್ಲಿ ತಿಳಿದುಕೊಳ್ಳಬಹುದು. ರಾತ್ರಿಯೆಲ್ಲ ನಿಂತ ಕಾರು ಬೆಳಿಗ್ಗೆ ತಡವರಿಸದೆ ಚಾಲೂ ಆದರೆ ಅದು ಒಳ್ಳೆಯ ಗುರುತು. ಬಿಡದೆ ಬರುವ ಕಪ್ಪು ಹೊಗೆ ಇಂಧನ ಪೂರ್ತಿ ಸುಡುತ್ತಿಲ್ಲವೆಂಬುದನ್ನೂ, ನೀಲಿ ಹೊಗೆ ಎಂಜಿನ್ ಆಯಿಲ್ ಸುಡುತ್ತಿದೆ ಎಂಬುದನ್ನೂ, ಎಂಜಿನ್ ಬಿಸಿಯಾದ ಮೇಲೂ ನಿಲ್ಲದ ಬಿಳಿ ಹೊಗೆ ಕೂಲೆಂಟ್ ಸೋರಿಕೆ ಅಥವಾ ಇಂಜೆಕ್ಟರ್ ದೋಷವನ್ನೂ ಸೂಚಿಸಬಹುದು. ಎಂಜಿನ್ ಓಡುತ್ತಿರುವಾಗ ಆಯಿಲ್ ತುಂಬುವ ಮುಚ್ಚಳ ತೆಗೆದರೆ ರಭಸವಾಗಿ ಹೊಗೆ ನುಗ್ಗುವುದು ಪಿಸ್ಟನ್ ರಿಂಗುಗಳು ಸವೆದಿರುವುದರ ಲಕ್ಷಣ.

ಬಿಎಸ್6 ಡೀಸೆಲ್ ಕಾರುಗಳಲ್ಲಿ ಇದರ ಜೊತೆಗೆ ಡಿಪಿಎಫ್ ಎಂಬ ಮಸಿ ಸೋಸುವ ಜಾಲರಿ ಇರುತ್ತದೆ. ಅದರಲ್ಲಿ ಕೂಡಿದ ಮಸಿ ಸುಟ್ಟುಹೋಗಲು ಸುಮಾರು 600 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು, ಆ ಶಾಖ ಹುಟ್ಟಲು ಕಾರು ಆಗಾಗ ಒಂದೇ ಸಮನೆ ವೇಗವಾಗಿ ಓಡಬೇಕು. ನಗರದ ದಟ್ಟಣೆಯಲ್ಲಿ ಎರಡು ಮೂರು ಕಿಲೋಮೀಟರ್ ಮಾತ್ರ ಓಡಾಡಿದ ಕಾರಿನ ಜಾಲರಿ ಕಟ್ಟಿಕೊಳ್ಳುವ ಸಂಭವ ಹೆಚ್ಚು. ಮುಳಬಾಗಿಲಿನಿಂದ ಬೆಂಗಳೂರಿಗೆ ಹೆದ್ದಾರಿಯಲ್ಲಿ ಸುಮಾರು 100 ಕಿಲೋಮೀಟರ್ ಹೋಗಿಬರುತ್ತಿದ್ದ ಕಾರಿನದು ಸ್ವಚ್ಛವಾಗಿ ಉಳಿಯುವ ಸಂಭವ ಹೆಚ್ಚು. ಆದ್ದರಿಂದ ಮೀಟರಿನಲ್ಲಿ ಕಾಣುವ ಹೆಚ್ಚು ಕಿಲೋಮೀಟರ್‌ಗಳನ್ನು ದೋಷವೆಂದು ಎಣಿಸುವವರ ಮುಂದೆ, ಅವು ಎಂಥ ರಸ್ತೆಯ ಕಿಲೋಮೀಟರ್‌ಗಳು ಎಂಬುದನ್ನು ಸರ್ವಿಸ್ ದಾಖಲೆಯೊಂದಿಗೆ ತೋರಿಸುವುದು ಮಾಲೀಕನ ಹಕ್ಕಿನ ವಾದ.

ಜೋಡಿ ಲೆಕ್ಕವನ್ನು ಬಿಡಿಸುವುದು

ಹಳೆಯ ಕಾರಿನ ದರವನ್ನು ಅಂದಾಜಿಸಲು ಹಲವರು ವಿಮಾ ಪತ್ರದ ಐಡಿವಿ ಎಂಬ ಅಂಕಿಯನ್ನು ನೋಡುತ್ತಾರೆ. ಕಾರು ಕಳುವಾದರೆ ಅಥವಾ ಪೂರ್ತಿ ಹಾಳಾದರೆ ವಿಮಾ ಕಂಪನಿ ಕೊಡಬೇಕಾದ ಗರಿಷ್ಠ ಮೊತ್ತ ಅದು. ಮೂರರಿಂದ ನಾಲ್ಕು ವರ್ಷದ ಕಾರಿಗೆ ಶೇ. 40, ನಾಲ್ಕರಿಂದ ಐದು ವರ್ಷದ್ದಕ್ಕೆ ಶೇ. 50 ಎಂಬಂತೆ ಸವಕಳಿ ಕಳೆದು ಅದನ್ನು ಕಟ್ಟುತ್ತಾರೆ, ಐದು ವರ್ಷ ದಾಟಿದ ಮೇಲೆ ಎರಡೂ ಕಡೆಯವರು ಒಪ್ಪಿದ್ದೇ ಮೊತ್ತ. ಅದು ಮಾರುಕಟ್ಟೆಯ ಬೇಡಿಕೆಯನ್ನು ತಿಳಿಯದ ಅಂಕಿಯಾದ್ದರಿಂದ ಆರಂಭದ ಗುರುತಾಗಬಲ್ಲದು, ತೀರ್ಪಾಗಲಾರದು. ನಿಜವಾದ ದರ ತಿಳಿಯುವ ದಾರಿಯೆಂದರೆ, ಇಲ್ಲದ ಹರಾಜನ್ನು ತಾನೇ ಏರ್ಪಡಿಸಿಕೊಳ್ಳುವುದು: ಒಂದೇ ವಾರದೊಳಗೆ ಎರಡು ಶೋರೂಮು, ಒಬ್ಬ ಸೆಕೆಂಡ್ ಹ್ಯಾಂಡ್ ಕಾರು ವ್ಯಾಪಾರಿ ಮತ್ತು ಸಾಧ್ಯವಾದರೆ ಸ್ವಂತ ಬಳಕೆಗೆ ಕೊಳ್ಳುವ ಒಬ್ಬರಿಂದ ದರ ಕೇಳಿದರೆ ಕೂಗು ಎಲ್ಲಿ ನಿಲ್ಲುತ್ತದೆ ಎಂಬುದು ಗೊತ್ತಾಗುತ್ತದೆ.

ಅನಂತರ ನೋಡಬೇಕಾದ ಅಂಕಿ ಹಳೆಯ ಕಾರಿಗೆ ಎಷ್ಟು ಕೊಟ್ಟರು ಎಂಬುದಲ್ಲ, ಹೊಸ ಕಾರು ಮನೆಗೆ ಬರುವಷ್ಟರಲ್ಲಿ ಕೈಯಿಂದ ಒಟ್ಟು ಎಷ್ಟು ಹೋಗುತ್ತದೆ ಎಂಬುದು. ಉದಾಹರಣೆಗೆ ಹೊಸ ಕಾರಿನ ಆನ್ ರೋಡ್ ಬೆಲೆ, ಅಂದರೆ ತೆರಿಗೆ, ನೋಂದಣಿ ಮತ್ತು ವಿಮೆ ಸೇರಿದ ಬೆಲೆ, 12,00,000 ರೂಪಾಯಿ ಎಂದಿಟ್ಟುಕೊಳ್ಳೋಣ. ಮೊದಲ ಶೋರೂಮು ಹಳೆಯ ಕಾರಿಗೆ 4,40,000 ರೂಪಾಯಿ ಹೇಳಿ, ಹೊಸದರಲ್ಲಿ ಏನನ್ನೂ ಬಿಡದಿದ್ದರೆ ಕೈಯಿಂದ ಹೋಗುವುದು 7,60,000. ಎರಡನೆಯದು ಹಳೆಯದಕ್ಕೆ 3,90,000 ಮಾತ್ರ ಹೇಳಿ, ಹಳೆಯ ಕಾರು ಒಪ್ಪಿಸಿದ್ದಕ್ಕೆ ಕಂಪನಿ ಕೊಡುವ ಎಕ್ಸ್‌ಚೇಂಜ್ ಬೋನಸ್ 40,000 ಮತ್ತು ನಗದು ರಿಯಾಯಿತಿ 35,000 ಸೇರಿಸಿದರೆ ಹೋಗುವುದು 7,35,000. ಕಡಿಮೆ ದರ ಹೇಳಿದ ಶೋರೂಮೇ ಇಲ್ಲಿ 25,000 ರೂಪಾಯಿ ಲಾಭದ್ದು. ಹಳೆಯ ಕಾರನ್ನು ಹೊರಗೆ 4,30,000ಕ್ಕೆ ಮಾರಿ, ಬೋನಸ್ ಬಿಟ್ಟು ನಗದು ರಿಯಾಯಿತಿಯಷ್ಟನ್ನೇ ಪಡೆದರೂ ಹೋಗುವುದು ಅದೇ 7,35,000. ಹೊರಗಿನವರು 40,000 ಹೆಚ್ಚು ಕೊಟ್ಟಂತೆ ಕಂಡರೂ ಬೋನಸ್ ಕೈತಪ್ಪಿ ಲೆಕ್ಕ ಸಮವಾಯಿತು, ಮೇಲೆ ಮಾರುವ ಓಡಾಟ ಮಾಲೀಕನದೇ ಆಯಿತು. ಅದೇ ಹೊರಗೆ 4,70,000 ಸಿಗುವುದಾದರೆ ಆ ಓಡಾಟಕ್ಕೆ 40,000 ರೂಪಾಯಿಯ ಫಲವಿರುತ್ತದೆ. ಹೋಲಿಕೆ ಮಾಡುವಾಗ ಎಲ್ಲ ಕಡೆಯೂ ಹೊಸ ಕಾರಿನ ಮಾದರಿ, ವಿಮೆ ಮತ್ತು ಬಿಡಿ ಅಲಂಕಾರಗಳು ಒಂದೇ ಆಗಿರಬೇಕು, ಏಕೆಂದರೆ ಹಳೆಯದರಲ್ಲಿ ಕೊಟ್ಟದ್ದನ್ನು ವಿಮೆಯ ಕಂತಿನಲ್ಲೋ ಸೀಟಿನ ಹೊದಿಕೆಯಲ್ಲೋ ಮರಳಿ ಪಡೆಯಲು ಅವಕಾಶವಿದೆ. ಶೋರೂಮಿನಲ್ಲೇ ವಿಮೆ ಮಾಡಿಸಬೇಕೆಂಬ ಕಡ್ಡಾಯವಿಲ್ಲ.

ಡೀಲರ್ ತನ್ನ ಪಾಲು ಇಟ್ಟುಕೊಳ್ಳುವುದು ಅನ್ಯಾಯವೇನಲ್ಲ. ಅವನು ಕಾರನ್ನು ಸರಿಪಡಿಸಬೇಕು, ಮಾರಾಟವಾಗುವವರೆಗೆ ಬಂಡವಾಳ ತೊಡಗಿಸಬೇಕು, ಮತ್ತು 2025ರ ಜನವರಿಯಿಂದ ಹಳೆಯ ಕಾರಿನ ಮಾರಾಟಕ್ಕೆ ಶೇ. 18ರ ಜಿಎಸ್‌ಟಿ ಕಟ್ಟಬೇಕು. ಆದರೆ ಈ ತೆರಿಗೆ ಬೀಳುವುದು ಕೊಂಡ ಬೆಲೆಗೂ ಮಾರಿದ ಬೆಲೆಗೂ ಇರುವ ಅಂತರದ ಮೇಲೆ ಮಾತ್ರ: ಅಂತರ 60,000 ರೂಪಾಯಿಯಾದರೆ ತೆರಿಗೆ 10,800. ಕಾರಿನ ಪೂರ್ತಿ ಬೆಲೆಯ ಮೇಲೆ ಶೇ. 18 ಲೆಕ್ಕ ಹಾಕಿ ದರ ಇಳಿಸಿದರೆ ಅದನ್ನು ಒಪ್ಪಬೇಕಾಗಿಲ್ಲ. ಸ್ವಂತ ಬಳಕೆಯ ಕಾರನ್ನು ಮಾರುವ ಗೃಹಸ್ಥನಿಗಂತೂ ಈ ತೆರಿಗೆ ಇಲ್ಲವೇ ಇಲ್ಲ.

ಗಡಿಯ ಆಚೆಯ ಕೊಳ್ಳುಗ

ನಂಗಲಿ ದಾಟಿದರೆ ಆಂಧ್ರಪ್ರದೇಶ. ಪಲಮನೇರು, ಪುಂಗನೂರು ಕಡೆಯವರು ಹೆಚ್ಚು ದರ ಹೇಳುವುದು ಈ ಸೀಮೆಯಲ್ಲಿ ಅಸಂಭವವೇನಲ್ಲ. ಆ ದರವನ್ನು ಡೀಲರ್ ದರದೊಂದಿಗೆ ಹೋಲಿಸುವ ಮೊದಲು ಒಂದು ಸಂಗತಿ ನೆನಪಿರಬೇಕು. ಒಂದು ರಾಜ್ಯದ ಕಾರನ್ನು ಇನ್ನೊಂದು ರಾಜ್ಯದಲ್ಲಿ 12 ತಿಂಗಳು ಮೀರಿ ಇಟ್ಟುಕೊಳ್ಳುವವರು ಅಲ್ಲಿ ಮರುನೋಂದಣಿ ಮಾಡಿಸಬೇಕು, ಅದಕ್ಕೆ ಮೂಲ ಆರ್‌ಟಿಒ ಕಚೇರಿಯಿಂದ ನಮೂನೆ 28ರ ಮೂಲಕ ನಿರಾಕ್ಷೇಪಣಾ ಪತ್ರ, ಅಂದರೆ ಎನ್‌ಒಸಿ, ಬೇಕು, ಮತ್ತು ಅಲ್ಲಿಯ ಜೀವಿತಾವಧಿ ತೆರಿಗೆಯನ್ನು ಕಟ್ಟಬೇಕು. ಈ ಖರ್ಚನ್ನೆಲ್ಲ ಲೆಕ್ಕ ಹಿಡಿದೂ ಹೆಚ್ಚು ಕೊಡುವವನು ಅಪರೂಪ. ಎನ್‌ಒಸಿ ಬೇಡವೆಂದು ಹೇಳಿ ಹೆಚ್ಚು ಕೊಡುವವನು ಕಾರನ್ನು ಹಳೆಯ ಮಾಲೀಕನ ಹೆಸರಿನಲ್ಲೇ ಓಡಿಸಲಿದ್ದಾನೆ ಎಂದು ತಿಳಿಯಬೇಕು.

ಹೆಸರು ಬದಲಾದಾಗಲೇ ಮಾರಾಟ

ಮಾರಿದ ಮೇಲೂ ಕಾರು ಹಳೆಯ ಮಾಲೀಕನ ಹೆಸರಿನಲ್ಲೇ ಉಳಿಯುವುದರ ಅಪಾಯವನ್ನು ಸುಪ್ರೀಂ ಕೋರ್ಟ್ 2018ರ ಫೆಬ್ರುವರಿಯಲ್ಲಿ ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಕಾರು ಒಬ್ಬರಿಂದ ಒಬ್ಬರಿಗೆ ಹಲವು ಕೈ ಬದಲಾಗಿದ್ದರೂ ನೋಂದಣಿ ಪುಸ್ತಕದಲ್ಲಿ, ಅಂದರೆ ಆರ್‌ಸಿಯಲ್ಲಿ, ಯಾರ ಹೆಸರಿದೆಯೋ ಅವರೇ ಕಾನೂನಿನ ದೃಷ್ಟಿಯಲ್ಲಿ ಮಾಲೀಕರು, ಅಪಘಾತದ ಪರಿಹಾರದ ಹೊಣೆಯೂ ಅವರದೇ ಎಂಬುದು ಆ ತೀರ್ಪಿನ ಸಾರ. ಹೆಸರು ವರ್ಗಾವಣೆಗೆ ಬೇಕಾದ ನಮೂನೆ 29 ಮತ್ತು 30ನ್ನು ಖಾಲಿಯಾಗಿಯೇ ಸಹಿ ಹಾಕಿ ಕೊಟ್ಟು, ಕೀಲಿ ಒಪ್ಪಿಸಿ ಮನೆಗೆ ಬಂದವರ ಮಾರಾಟ ಹಾಗಾಗಿ ಅರ್ಧದಲ್ಲೇ ನಿಂತಿರುತ್ತದೆ.

2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಕೇಂದ್ರ ಮೋಟಾರು ವಾಹನ ನಿಯಮಗಳ ತಿದ್ದುಪಡಿ ಈ ಅಂತರವನ್ನು ತುಂಬಲು ದಾರಿ ಮಾಡಿದೆ. ಹಳೆಯ ವಾಹನಗಳ ವ್ಯಾಪಾರಕ್ಕೆ ಅಧಿಕಾರ ಪತ್ರ ಪಡೆದ ಡೀಲರ್‌ಗೆ ಕಾರು ಒಪ್ಪಿಸುವಾಗ ನಮೂನೆ 29ಸಿಯ ಮೂಲಕ ಆನ್‌ಲೈನಿನಲ್ಲಿ ತಿಳಿಸಿದರೆ, ಅಂದಿನಿಂದ ಮುಂದಿನ ಮಾರಾಟದವರೆಗೆ ಆ ಡೀಲರೇ ಮಾಲೀಕನೆಂದು ಪರಿಗಣಿತನಾಗುತ್ತಾನೆ. ಆದ್ದರಿಂದ ಎರಡು ದರಗಳ ನಡುವೆ ಕೆಲವೇ ಸಾವಿರಗಳ ವ್ಯತ್ಯಾಸವಿದ್ದಾಗ, ಈ ಅಧಿಕಾರ ಪತ್ರವಿದ್ದು ಅದೇ ದಿನ 29ಸಿ ಸಲ್ಲಿಸುವ ಡೀಲರ್‌ನ ಕಡಿಮೆ ದರವೇ ವಾಸ್ತವದಲ್ಲಿ ಹೆಚ್ಚಿನ ದರವಾಗುತ್ತದೆ. ಕಾರಿನ ಮೇಲೆ ಸಾಲವಿದ್ದಿದ್ದರೆ ಬ್ಯಾಂಕಿನ ಪತ್ರ ಮತ್ತು ನಮೂನೆ 35ರಿಂದ ಅದನ್ನು ಆರ್‌ಸಿಯಿಂದ ತೆಗೆಸುವುದು, ಫಾಸ್ಟ್ಯಾಗ್ ಮುಚ್ಚಿಸುವುದು, ಬಾಕಿ ದಂಡಗಳನ್ನು ಕಟ್ಟುವುದು ಇವೂ ಅದೇ ಹೊತ್ತಿನ ಕೆಲಸಗಳು.

ವಿಮೆಯಲ್ಲಿ ಮರೆತುಹೋಗುವ ಹಣವೊಂದಿದೆ. ಪರಿಹಾರ ಕೇಳದೆ ಕಳೆದ ವರ್ಷಗಳಿಗಾಗಿ ಸಿಗುವ ನೋ ಕ್ಲೈಮ್ ಬೋನಸ್, ಸ್ವಂತ ಕಾರಿನ ಹಾನಿಗೆ ಕಟ್ಟುವ ಕಂತಿನಲ್ಲಿ ಐದು ವರ್ಷಕ್ಕೆ ಶೇ. 50ರವರೆಗೆ ಏರುವ ಕಡಿತ, ಕಾರಿಗೆ ಸೇರಿದ್ದಲ್ಲ, ಮಾಲೀಕನಿಗೆ ಸೇರಿದ್ದು. ಹಳೆಯ ವಿಮಾ ಕಂಪನಿಯಿಂದ ಅದರ ಪತ್ರ ಪಡೆದು ಹೊಸ ಕಾರಿನ ವಿಮೆಗೆ ಬಳಸಿದರೆ ಉಳಿಯುವ ಮೊತ್ತವೂ ಈ ಲೆಕ್ಕದಲ್ಲಿ ಸೇರಬೇಕು.

ಹೀಗೆ ನೋಡಿದಾಗ ಡೀಲರ್‌ನಿಂದ ಕೇಳಿ ಪಡೆಯಬೇಕಾದದ್ದು ದೊಡ್ಡದೊಂದು ಅಂಕಿಯನ್ನಲ್ಲ, ಒಂದು ಹಾಳೆಯನ್ನು: ಹಳೆಯ ಕಾರಿನ ದರ, ಪ್ರತಿ ಕಡಿತದ ಕಾರಣ, ಬೋನಸ್, ರಿಯಾಯಿತಿ, ಕೊನೆಯಲ್ಲಿ ಕಟ್ಟಬೇಕಾದ ಮೊತ್ತ, ಮತ್ತು ಆರ್‌ಸಿಯ ಹೆಸರು ಬದಲಾಗುವ ದಿನ. ಮಂಡಿಯ ಚೀಟಿಯಲ್ಲಿ ಬಾಕ್ಸಿನ ಲೆಕ್ಕ, ದರ ಮತ್ತು ಕಮಿಷನ್ ಬೇರೆಬೇರೆ ಸಾಲಿನಲ್ಲಿರಬೇಕೆಂದು ಕೇಳುವ ರೈತನಿಗೆ ಇದು ಹೊಸ ವಿದ್ಯೆಯಲ್ಲ. ವರ್ಷಗಟ್ಟಲೆ ತನ್ನ ಮನೆಯವರನ್ನು ಹೊತ್ತು ತಿರುಗಿದ ಕಾರಿಗೂ ಅವನು ಅಂಥದೇ ಒಂದು ಚೀಟಿಯನ್ನು ಕೇಳಿ ಪಡೆಯಬೇಕು.